ಪನ್ನೀರ್ ಕಂಡರೆ ಆಕಾಶ ನೋಡುವ ನಾಯಿ

ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಕೂತವರು ಯಾರೂ ಇಲ್ಲ. ಸಿಇಟಿ, ನೀಟ್ ಕಾಟವೂ ಇಲ್ಲ. ಮಗ ಇನ್ನೂ ಏಳನೇ ಕ್ಲಾಸು. ಆದರೂ ಹಿಂದಿನ ರಾತ್ರಿ ನಿದ್ದೆಗೆಡುವುದು, ಬೆಳಿಗ್ಗೆ ತಿಂಡಿ ಸೇರದಿರುವುದು, ಹೊರಡುವ ಮುಂಚೆ ಮೂರು ಮೂರು ಸಲ ಹೋಗಿ ಬರುವುದು, ಎಲ್ಲ ಸಾಂಗವಾಗಿ ನಡೆಯುತ್ತದೆ. ಪರೀಕ್ಷೆಗೆ ಕೂರುವವಳು ಕಾಳಿ. ವಯಸ್ಸು ನಾಲ್ಕು, ಕಾಲೂ ನಾಲ್ಕು.

ಕಾಳಿಯ ತಾಯಿ ಮುಧೋಳ ಎಂದು ಕೊಟ್ಟವರು ಹೇಳಿದರು. ತಂದೆಯ ವಿಷಯ ಅವರು ಎತ್ತಲಿಲ್ಲ, ನಾವೂ ಕೆದಕಲಿಲ್ಲ. ಮುಖಲಕ್ಷಣ ನೋಡಿದರೆ ಯಲಹಂಕ ಉಪನಗರದ ನಾಲ್ಕನೇ ಹಂತದಲ್ಲಿ ಅವಳಿಗೆ ದೊಡ್ಡಪ್ಪ ಚಿಕ್ಕಪ್ಪಂದಿರು ಧಾರಾಳವಾಗಿದ್ದಾರೆ. ಮುಧೋಳದ ಕಡೆಯಿಂದ ಉದ್ದ ಕಾಲು, ಹಿಡಿಯಷ್ಟು ಸೊಂಟ, ಗುರುತಿಲ್ಲದವರು ಮುಟ್ಟಿದರೆ ಸಿಡುಕುವ ಗುಣ ಬಂದಿವೆ. ಯಲಹಂಕದ ಕಡೆಯಿಂದ ಹಸಿವು ಬಂದಿದೆ.

ಹೆಸರಿಟ್ಟವರು ನಮ್ಮ ಮಾವ. ಮದ್ದೂರು ತಾಲ್ಲೂಕಿನವರು, ರಿಟೈರಾದ ಲೆಕ್ಕದ ಮೇಷ್ಟ್ರು. ಅವರ ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲು ಸಿಕ್ಕಿತ್ತು. ಮಣಲೆರ ಎಂಬ ವೀರ ಯುದ್ಧದಲ್ಲಿ ಮೆರೆದ, ಮೆಚ್ಚಿದ ಅರಸ ಏನು ಬೇಕೋ ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿ ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ದಾಟಿದರೂ ಅದರ ಮೇಲೆ ನಾಯಿ, ಹಂದಿ ಇನ್ನೂ ಹೊಡೆದಾಡುತ್ತಲೇ ಇವೆ. “ಹೆಸರಲ್ಲೇ ಅರ್ಧ ಧೈರ್ಯ ಬರುತ್ತೆ ಬಿಡಿ” ಎಂದು ಮಾವ ಹರಸಿದರು. ಉಳಿದರ್ಧ ಎಲ್ಲಿ ಉಳಿಯಿತೋ ತಿಳಿಯದು. ನಮ್ಮ ಕಾಳಿ ಹಂದಿಗೆ ಹೆದರುತ್ತಾಳೋ ಇಲ್ಲವೋ ನೋಡಿಲ್ಲ. ಸೀ-ಸಾಗೆ ಹೆದರುತ್ತಾಳೆ.

ಸೀ-ಸಾ ಎಂದರೆ ಪಾರ್ಕಿನಲ್ಲಿ ಮಕ್ಕಳು ಕೂತು ಮೇಲೆ ಕೆಳಗೆ ಆಡುವ ಹಲಗೆ. ಅಜಿಲಿಟಿ ಎಂಬ ಆಟದಲ್ಲಿ ಅದನ್ನು ನಾಯಿ ಈ ತುದಿಯಿಂದ ಹತ್ತಿ ಆ ತುದಿಗೆ ಇಳಿಯಬೇಕು. ಈ ಆಟ ಹುಟ್ಟಿದ್ದೇ ಹೊತ್ತು ಕಳೆಯುವುದಕ್ಕೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಜನ ಎದ್ದು ಹೋಗದಿರಲಿ ಎಂದು, ಕುದುರೆ ಜಿಗಿತದ ಧಾಟಿಯಲ್ಲಿ ನಾಯಿಗಳನ್ನು ಹಾರಿಸಿದರು. ನಮ್ಮ ಕಂಪನಿ ನಾಟಕಗಳಲ್ಲಿ ಸೀನು ಬದಲಾಯಿಸುವಾಗ ಹಾಸ್ಯಪಾತ್ರಧಾರಿಯನ್ನು ಪರದೆ ಮುಂದೆ ತಳ್ಳುತ್ತಿದ್ದರಲ್ಲ, ಹಾಗೆ. ಈಗ ಅದೇ ನಾಟಕವಾಗಿದೆ. ಹಾರುವುದಕ್ಕೆ ಅಡ್ಡಗೋಲು, ತೂರುವುದಕ್ಕೆ ಸುರಂಗ, ಹಾವಿನ ಹಾಗೆ ನುಸುಳುವುದಕ್ಕೆ ಸಾಲಾಗಿ ನೆಟ್ಟ 12 ಕೋಲು, ಹತ್ತಿ ಇಳಿಯುವುದಕ್ಕೆ ಗುಡಾರದ ಆಕಾರದ ಏರು. ನಾಯಿಗೆ ಹಗ್ಗ ಹಾಕುವಂತಿಲ್ಲ, ಯಜಮಾನ ಅದನ್ನು ಮುಟ್ಟುವಂತಿಲ್ಲ, ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಯಾವುದಾದ ಮೇಲೆ ಯಾವುದು ಎಂಬುದು ಆ ದಿನವೇ ಗೊತ್ತಾಗುವುದು. ನೀವು ಓಡುತ್ತ ಕೈ ತೋರಿಸಬೇಕು, ನಾಯಿ ನೋಡಿಕೊಂಡು ಓಡಬೇಕು. ಅಷ್ಟೇ.

ನಾನೇಕೆ ಇದಕ್ಕೆ ಬಿದ್ದೆ ಎಂದರೆ ಕಾರಣ ಬಹಳ ಘನವಾದದ್ದು: ಪಕ್ಕದ ಬ್ಲಾಕಿನವರ ಬಾರ್ಡರ್ ಕೋಲಿ ನಾಯಿಗೆ ಇದರಲ್ಲಿ ಕಪ್ ಬಂತು. ಲಿಫ್ಟಿನಲ್ಲಿ ಆ ನಾಯಿಯ ಯಜಮಾನರು ನನ್ನ ಕಾಳಿಯನ್ನು ನೋಡಿ “ಇವಳೇನು ಮಾಡ್ತಾಳೆ?” ಎಂದು ಕೇಳಿದರು. ನಾಯಿ ಏನು ಮಾಡುತ್ತದೆ ಸ್ವಾಮಿ? ನಾಯಿಯಾಗಿರುತ್ತದೆ. ಆದರೆ ಈ ಉತ್ತರ ಹೊಳೆದದ್ದು ಎಂಟನೇ ಮಹಡಿಯಲ್ಲಿ ಅವರು ಇಳಿದು ಹೋದ ಮೇಲೆ.

ಅಭ್ಯಾಸದ ಮೈದಾನದಲ್ಲಿ ಕಾಳಿ ಗಾಳಿ. ಒಂದು ಅಡ್ಡಗೋಲು ಬೀಳಿಸಿದವಳಲ್ಲ. 2024ರ ಡಿಸೆಂಬರಿನಲ್ಲಿ ಮೊದಲ ಸ್ಪರ್ಧೆ. ಬಾಗಲೂರು ಕಡೆಯ ಒಂದು ತೋಟ, ಶಾಮಿಯಾನ, ಮೈಕು, ನೂರಾರು ಜನ, ಅಷ್ಟೇ ನಾಯಿ. ಕುರುಡು ನಾಯಿ ಸಂತೆಗೆ ಬಂದ ಹಾಗೆ ಕಾಳಿ ಒಳಗೆ ಬಂದಳು. ಮೊದಲ ಅಡ್ಡಗೋಲಿನ ಮುಂದೆ ನಿಂತು ದೊಡ್ಡದಾಗಿ ಆಕಳಿಸಿದಳು. ನಾನು ಕೂಗಿದೆ. ಮುಖ ಆ ಕಡೆ ತಿರುಗಿಸಿದಳು. ಮತ್ತೆ ಕೂಗಿದೆ. ಹುಲ್ಲು ಮೂಸತೊಡಗಿದಳು, ಎಂಥ ಮೂಸಾಟ ಎಂದರೆ ಅಲ್ಲಿ ಯಾರೋ ಅವಳ ಜಾತಕ ಬರೆದಿಟ್ಟಿರಬೇಕು. ಆಮೇಲೆ ಕೂತು ಕಿವಿ ಕೆರೆದುಕೊಂಡಳು. ಒದ್ದೆಯಾಗದ ಮೈಯನ್ನು ಒದ್ದೆಯಾದ ಹಾಗೆ ಕೊಡವಿಕೊಂಡಳು. ಇದ್ದಕ್ಕಿದ್ದಂತೆ ಹುಚ್ಚು ಹಿಡಿದವಳಂತೆ ಮೂರು ಸುತ್ತು ಓಡಿ, ಅಂಕ ಬರೆಯುವ ಮೇಜಿನ ಕೆಳಗೆ ಹೋಗಿ ಮಲಗಿದಳು. ಜನ ನಕ್ಕರು. ಹಿಂದಿನಿಂದ ಯಾರೋ, “ನಾಡನಾಯಿ ಅಲ್ವಾ ಸಾರ್, ಅಷ್ಟೇ ಅದು” ಎಂದರು. ನನಗೆ ಮೈಯೆಲ್ಲ ಉರಿ. ಇವಳಿಗೆ ಎಷ್ಟು ಕೊಬ್ಬು! ಇಷ್ಟು ಜನರೆದುರು ಯಜಮಾನನ ಮುಖ ನೋಡಿ ಆಕಳಿಸುವುದೇ?

ಮಾರನೆಯ ವಾರ ಆರ್‌ಟಿ ನಗರದ ನಮ್ಮ ನಾಯಿ ಡಾಕ್ಟರ ಹತ್ತಿರ ಹೋದೆವು. ಹೋಗಬೇಕಾದರೆ ಹೆಬ್ಬಾಳ ದಾಟಬೇಕು. ಹೆಬ್ಬಾಳದಲ್ಲಿ 8ನೇ ಶತಮಾನದ ಕಿತ್ತಯ್ಯನ ವೀರಗಲ್ಲಿದೆ, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಊರಿಗೆ ಬಂದ ದಂಡಿನ ಜೊತೆ ಕಾದಿ ಮಡಿದವನು. ಸಂಜೆ ಆರಕ್ಕೆ ಆ ಫ್ಲೈಓವರ್ ಹತ್ತಿದಾಗಲೆಲ್ಲ ನನ್ನ ಕಲ್ಲಿಗೂ ಜಾಗ ನೋಡಿಟ್ಟುಕೊಳ್ಳುತ್ತೇನೆ. ಐವತ್ತು ನಿಮಿಷ ನಾನು ಹಾರ್ನ್ ಒತ್ತುತ್ತ, ಬೈಯುತ್ತ, ಸ್ಟಿಯರಿಂಗ್ ಗುದ್ದುತ್ತ ಹೋದೆ. ಕಾಳಿ ಹಿಂದಿನ ಸೀಟಿನಲ್ಲಿ ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತ ಕೂತಿದ್ದಳು.

ಡಾಕ್ಟರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 1958ರ ಕಾಲೇಜು ಅದು. ಅಲ್ಲಿ ಓದಿದವರು ಹಸು, ಕುರಿ, ಗಿಣಿ, ಎಲ್ಲವನ್ನೂ ಕಂಡಿರುವುದರಿಂದ ನಾಯಿಯ ಯಜಮಾನನನ್ನು ಕಂಡರೆ ಗಾಬರಿಯಾಗುವುದಿಲ್ಲ. ನಾನು ದೂರು ಶುರು ಮಾಡಿದೆ. ಸೊಕ್ಕು ಡಾಕ್ಟ್ರೇ, ಬರೀ ಸೊಕ್ಕು. ಅವರು ಮಾತಾಡದೆ ಕಾಳಿಯನ್ನು ಸ್ಟೀಲಿನ ಮೇಜಿನ ಮೇಲೆ ನಿಲ್ಲಿಸಿ, ಒಂದು ನಿಮಿಷ ಬಿಟ್ಟು, ಒಂದೊಂದೇ ಕಾಲು ಎತ್ತಿ ತೋರಿಸಿದರು. ಮೇಜಿನ ಮೇಲೆ ನಾಲ್ಕು ಒದ್ದೆ ಹೆಜ್ಜೆ. ಬಿಸಿ ಟೀ ಲೋಟ ಎತ್ತಿದಾಗ ಉಳಿಯುವ ಗುರುತಿನ ಹಾಗೆ, ನೋಡನೋಡುತ್ತಲೇ ಅಂಚಿನಿಂದ ಆರುತ್ತಿದ್ದವು.

“ನಾಯಿ ಬೆವರೋದು ಅಂಗಾಲಲ್ಲಿ. ಇಲ್ಲೇನು ಸೆಕೆ ಇದೆಯಾ? ಡಿಸೆಂಬರು. ಇದು ಹೆದರಿಕೆ ಬೆವರು” ಎಂದರು.

ಆಕಳಿಕೆ, ಮುಖ ತಿರುಗಿಸುವುದು, ಮೂಗು ನೆಕ್ಕುವುದು, ನೆಲ ಮೂಸುವುದು, ಮೈ ಕೊಡವುವುದು, ಎಲ್ಲ ಒಂದೇ ಮಾತಂತೆ. ನಾರ್ವೆಯ ತೂರಿದ್ ರೂಗೊಸ್ ಎಂಬ ಹೆಂಗಸು ವರ್ಷಗಟ್ಟಲೆ ನಾಯಿಗಳನ್ನು ನೋಡಿ ಇದರ ಪಟ್ಟಿಯನ್ನೇ ಮಾಡಿದ್ದಾರೆ. ಕನ್ನಡಕ್ಕೆ ತಂದರೆ “ಸ್ವಲ್ಪ ತಡಿಯಪ್ಪಾ, ಕೂಗಾಡಬೇಡ, ಸಮಾಧಾನ” ಎಂದಾಗುತ್ತದೆ. ಅಂದರೆ ಆ ದಿನ ಮೈದಾನದಲ್ಲಿ ಕಾಳಿ ನನಗೆ ಹತ್ತು ಸಲ ಸಮಾಧಾನ ಹೇಳಿದ್ದಳು. ನಾನು ಹತ್ತು ಸಲ ಇನ್ನೂ ಜೋರಾಗಿ ಕೂಗಿದ್ದೆ. ಆ ಹುಚ್ಚು ಓಟವೂ ಖುಷಿಯದಲ್ಲವಂತೆ, ತಡೆಯಲಾರದೆ ಉಕ್ಕಿದ್ದು.

ಉಕ್ಕುವುದು ಎಂಬ ಮಾತಿನ ಮೇಲೆ ಡಾಕ್ಟರು ಹಾಲಿನ ಲೆಕ್ಕ ಹೇಳಿದರು. ಬೆಳಿಗ್ಗೆ ಬೀದಿಯಲ್ಲೊಂದು ಪಟಾಕಿ, ಸಣ್ಣ ಉರಿ. ಕಾರಿನಲ್ಲಿ ಒಂದು ಗಂಟೆ, ಇನ್ನಷ್ಟು ಉರಿ. ಗುರುತಿಲ್ಲದವರು ತಲೆ ಸವರಿದರು, ಇನ್ನಷ್ಟು. ಯಾವುದೂ ದೊಡ್ಡದಲ್ಲ. ಆದರೆ ಮೈಕು ಕಿರ್ರೆಂದಾಗ ಹಾಲು ಪಾತ್ರೆ ದಾಟುತ್ತದೆ, ನಾವು ಮೈಕನ್ನು ಬೈಯುತ್ತೇವೆ. ಉಕ್ಕಿದ ಹಾಲು ಆರುವುದಕ್ಕೂ ಹೊತ್ತು ಬೇಕು. ನಾಯಿಯ ಮೈಯಲ್ಲಿ ಏರಿದ್ದು ಇಳಿಯಲು ಗಂಟೆಗಳೇ ಹಿಡಿಯಬಹುದು. ಮಾತ್ರೆ ಇಲ್ಲವೇ ಎಂದೆ. ಇದೆ, ಬೇಕಾದವರಿಗೆ ಕೊಡುತ್ತೇವೆ, ನಿಮ್ಮ ಮನೆಯ ನಿದ್ದೆ ಮಾತ್ರೆ ಮಾತ್ರ ಮುಟ್ಟಬೇಡಿ ಎಂದರು. ಇವಳಿಗೆ ಮೊದಲು ಸುಮ್ಮನೆ ಮಲಗುವುದು ಕಲಿಸಿ.

ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬ ಗಾದೆ ಕಟ್ಟಿದವನಿಗೆ ಕೈ ಮುಗಿಯಬೇಕು. ಮಲಗುವುದಕ್ಕೂ ಕ್ಲಾಸಿದೆ, ಫೀಜಿದೆ. ಒಂದು ಚಾಪೆ. ಅದರ ಮೇಲೆ ಮಲಗಿದರೆ ಒಂದು ತುಂಡು ಕೋಳಿ ಲಿವರ್. ಉಸಿರು ನಿಧಾನವಾದರೆ ಇನ್ನೊಂದು. ಮೊದಲು ನಡುಮನೆಯಲ್ಲಿ, ಆಮೇಲೆ ಪಾರ್ಕಿಂಗಿನಲ್ಲಿ, ಆಮೇಲೆ ಪುಟ್ಟೇನಹಳ್ಳಿ ಕೆರೆಯ ಬಳಿ, ಕೊನೆಗೆ ಮದರ್ ಡೈರಿ ಸ್ಟಾಪಿನ ಪಕ್ಕದ ಫುಟ್‌ಪಾತಿನಲ್ಲಿ. ಸಂಜೆ ಏಳಕ್ಕೆ ಫುಟ್‌ಪಾತಿನಲ್ಲಿ ಚಾಪೆ ಹಾಸಿ ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತವನ ಮುಂದೆ ಒಬ್ಬ ಹೆಂಗಸು ಹತ್ತು ರೂಪಾಯಿ ಇಟ್ಟು ಹೋದರು. ನಾನು ಎದ್ದು ವಾಪಸು ಕೊಡುವಂತಿರಲಿಲ್ಲ, ಕಾಳಿಯ ಉಸಿರು ಆಗತಾನೇ ನಿಧಾನವಾಗಿತ್ತು.

ಹೀಗೆ ಕೋಳಿ ಲಿವರಿನ ಬಲದಿಂದ ಸಂಸಾರ ಹಳಿಗೆ ಬರುತ್ತಿರುವಾಗ 2025ರ ಜನವರಿ ಬಂತು. ಫೆಬ್ರವರಿಯ ಕೊನೆಯ ಭಾನುವಾರ ಎರಡನೇ ಸ್ಪರ್ಧೆ. ಫೆಬ್ರವರಿ 10ರಿಂದ 14ರವರೆಗೆ ಏರೋ ಇಂಡಿಯಾ ವಿಮಾನ ಪ್ರದರ್ಶನ.

ಯಲಹಂಕದವರಿಗೆ ಏರೋ ಇಂಡಿಯಾ ಎಂದರೆ ಏನು ಎಂದು ಜಯನಗರದವರಿಗೆ ಹೇಳಿ ಅರ್ಥ ಮಾಡಿಸಲಾಗದು. ನೀವು ಪಾಸು ತಗೊಂಡು, ಟೋಪಿ ಹಾಕಿಕೊಂಡು ಬಂದು ನೋಡಿ ಹೋಗುತ್ತೀರಿ. ನಮಗೆ ಅದು 1996ರಿಂದ ಎರಡು ವರ್ಷಕ್ಕೊಮ್ಮೆ ತಾರಸಿ ಮೇಲೇ ನಡೆಯುವ ಜಾತ್ರೆ. ಐದು ದಿನವಲ್ಲ; ಅದಕ್ಕೂ ಮುಂಚೆ ರಿಹರ್ಸಲ್ಲು. ಆ ಸಲ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿದ್ದವು, ಬದ್ಧವೈರಿಗಳು ಒಂದೇ ಮದುವೆ ಮನೆಗೆ ಬಂದ ಹಾಗೆ. ಮನುಷ್ಯನ ಕಿವಿ 20,000 ಹರ್ಟ್ಜ್‌ಗೆ ಕೈ ಚೆಲ್ಲುತ್ತದೆ, ನಾಯಿಯದು 45,000ದವರೆಗೆ ಕೇಳುತ್ತದೆ. ನಮಗೇ ಕಿಟಕಿ ಗಾಜು ಅದುರಿ ಕಾಫಿ ಚೆಲ್ಲುವಾಗ ಕಾಳಿಯ ಪಾಡೇನು? ವಾಷಿಂಗ್ ಮೆಷಿನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿದೆ. ಅದರಲ್ಲಿ ಇಡೀ ಮುಧೋಳ ಮಡಚಿಕೊಂಡು ಕೂತಿತ್ತು.

ಇದಕ್ಕೆ ಮದ್ದು ನಮಗೆ ಗೊತ್ತಿತ್ತು: ಸದ್ದು ಬಂದರೆ ಲಿವರ್. ಆದರೆ ಲಿವರ್ ಎಲ್ಲಿ? ಜನವರಿ 23ರಿಂದ ಫೆಬ್ರವರಿ 17ರವರೆಗೆ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರಿನೊಳಗೆ ಮಾಂಸದಂಗಡಿ ಬಂದ್, ಮಾಂಸಾಹಾರಿ ಹೋಟೆಲು ಬಂದ್ ಎಂದು ಬಿಬಿಎಂಪಿ ಆದೇಶ. ಮಾಂಸದ ಚೂರಿಗೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ನ್ಯಾಯವಾದ ಆದೇಶವೇ. ಆದರೆ ದೇವರ ಲೀಲೆ ನೋಡಿ: ಯಾವ ಸದ್ದಿಗೆ ಲಿವರ್ ಬೇಕೋ ಆ ಸದ್ದಿನಿಂದಲೇ ಲಿವರ್ ಸಿಗುವುದಿಲ್ಲ.

ಮಾವ ಮೊಮ್ಮಗನ ಜಾಮಿಟ್ರಿ ಡಬ್ಬಿಯಿಂದ ಕೈವಾರ ತೆಗೆದರು. ಬೆಂಗಳೂರಿನ ನಕ್ಷೆ ಹಾಸಿ, ವಾಯುನೆಲೆಯ ಮೇಲೆ ಮುಳ್ಳು ಊರಿ, ಅಳತೆ ನೋಡಿ 13 ಕಿಲೋಮೀಟರಿನ ವೃತ್ತ ಎಳೆದರು. ಹೆಬ್ಬಾಳ ಸಂಪೂರ್ಣ ಒಳಗೆ. ಗೆರೆ ಸರಿಯಾಗಿ ಆರ್‌ಟಿ ನಗರದ ನೆತ್ತಿ ಮೇಲೆ ಹಾಯಿತು. ಪೆನ್ಸಿಲ್ಲಿನ ಮೊನೆ ದಪ್ಪವಾದರೆ ಒಳಗೆ, ಚೂಪಾದರೆ ಹೊರಗೆ. ಯಶವಂತಪುರ ನಿಸ್ಸಂದೇಹವಾಗಿ ಹೊರಗೆ. “ತ್ರಿಜ್ಯ ದಾಟಿದರೆ ಮುಕ್ತಿ” ಎಂದರು ಮಾವ. ನಾಯಿಗಿಂತ ಅವರಿಗೇ ಮಟನ್ನಿನ ಯೋಚನೆ ಹೆಚ್ಚಾಗಿತ್ತು ಎಂಬುದು ನನ್ನ ಅನುಮಾನ. ಎರಡು ಭಾನುವಾರ ಜಾಲಹಳ್ಳಿ, ಬಿಇಎಲ್ ಸರ್ಕಲ್ ಹಾದು ಯಶವಂತಪುರಕ್ಕೆ ಹೋಗಿ, ಕಾಲು ಕಿಲೋ ಲಿವರ್, ಒಂದೂವರೆ ಕಿಲೋ ಮಟನ್ ತಂದೆ. ಮೂರನೇ ವಾರ ಸಾಕಾಗಿ, ನಂದಿನಿ ಪನ್ನೀರಿಗೆ ಇಳಿದೆ. ಕಾಳಿ ಶ್ರಾವಣ ಹಿಡಿದಳು.

ಇಲ್ಲಿ ಒಂದು ತಪ್ಪು ಮಾಡಿದೆ, ದೊಡ್ಡ ತಪ್ಪು. ರಿಹರ್ಸಲ್ಲಿನ ಹೊತ್ತು ಗೊತ್ತಿತ್ತಲ್ಲ. ವಿಮಾನ ಬರುವ ಎರಡು ನಿಮಿಷ ಮುಂಚೆಯೇ ಪನ್ನೀರ್ ಬಟ್ಟಲು ಹಿಡಿದು “ಬಾ ಪುಟ್ಟಾ, ಏನೂ ಆಗಲ್ಲ” ಎಂದು ಮುದ್ದು ಮಾಡತೊಡಗಿದೆ. ಅವಳು ಒಂದು ತುಂಡು ಬಾಯಿಗಿಡುವಷ್ಟರಲ್ಲಿ ಆಕಾಶ ಹರಿದು ಬೀಳುತ್ತಿತ್ತು. ಹೀಗೆ ನಾಲ್ಕು ದಿನ. ಐದನೇ ದಿನ ಅಡುಗೆಮನೆಯಲ್ಲಿ ಹೆಂಡತಿ ಪಾಲಕ್ ಪನ್ನೀರಿಗೆ ಪ್ಯಾಕೆಟ್ ಕತ್ತರಿಸಿದಳು. ಕಾಳಿ ಒಮ್ಮೆ ಪ್ಯಾಕೆಟ್ ನೋಡಿದಳು, ಕತ್ತೆತ್ತಿ ಕಿಟಕಿಯಾಚೆ ಆಕಾಶ ನೋಡಿದಳು, ಸದ್ದಿಲ್ಲದೆ ಎದ್ದು ವಾಷಿಂಗ್ ಮೆಷಿನ್ನಿನ ಹಿಂದೆ ಹೋದಳು.

ಪಾವ್ಲೊವ್ ಗಂಟೆ ಬಾರಿಸಿ ಆಮೇಲೆ ತಿಂಡಿ ಕೊಟ್ಟ, ನಾಯಿ ಗಂಟೆಗೆ ಜೊಲ್ಲು ಸುರಿಸಿತು ಎಂದು ನಾವೆಲ್ಲ ಓದಿದ್ದೇವೆ. ನಾನು ತಿಂಡಿಯನ್ನೇ ಗಂಟೆ ಮಾಡಿದ್ದೆ. ಪನ್ನೀರ್ ಬಂದರೆ ಸುಖೋಯ್ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದಳು, ಆ ಲೆಕ್ಕದಲ್ಲಿ ತಪ್ಪೇನಿದೆ? ಮೊದಲು ಸದ್ದು, ಅದರ ಬೆನ್ನಿಗೇ ತಿಂಡಿ; ಕ್ರಮ ತಿರುವುಮುರುವಾದರೆ ಮದ್ದೇ ರೋಗ. ಸರಿ, ಪೂರ್ತಿ ತಿರುಗಿಸಿದೆವು. ಫೋನಿನಲ್ಲಿ ವಿಮಾನದ ಸದ್ದು, ಸೊಳ್ಳೆ ಗುಂಯ್ ಎಂದಷ್ಟು ಸಣ್ಣಗೆ. ಕಿವಿ ನಿಮಿರಿತೇ? ತಕ್ಷಣ ತಿಂಡಿ. ಮೂರು ದಿನಕ್ಕೊಮ್ಮೆ ಒಂದು ಗೆರೆ ಏರಿಸುವುದು, ಹೆದರಿದರೆ ಎರಡು ಗೆರೆ ಇಳಿಸುವುದು. ಸೀ-ಸಾಗೂ ಇದೇ ಮಂತ್ರ. ಅವಳಿಗೆ ಎತ್ತರದ ಭಯವಲ್ಲ, ಹಲಗೆ ನೆಲಕ್ಕೆ ಬಡಿದಾಗಿನ ಢಬ್ ಸದ್ದಿನ ಭಯ. ಹಲಗೆಯ ತುದಿ ಬೀಳುವಲ್ಲಿ ಹಳೇ ದಿಂಬು, ಆಮೇಲೆ ಮಡಚಿದ ಗೋಣಿಚೀಲ, ಆಮೇಲೆ ಒಂದೇ ಪದರ. ಮನೆಯಲ್ಲಿ ಪಾತ್ರೆ ಮುಚ್ಚಳ ಬೀಳಿಸಿ ಬೀಳಿಸಿ, ಕೆಳಗಿನ ಮನೆಯವರು ಗಂಡ ಹೆಂಡತಿಗೆ ಆಗಿಬರುತ್ತಿಲ್ಲ ಎಂದು ತಿಳಿದರು.

ಹಾಡೂ ಹಾಕಿದೆವು. ಗ್ಲಾಸ್ಗೋ ವಿಶ್ವವಿದ್ಯಾಲಯದವರು ನಾಯಿಗೂಡುಗಳಲ್ಲಿ ಹಾಡು ಹಾಕಿ ನೋಡಿ, ರೆಗ್ಗೆ ಮತ್ತು ಮೆಲುರಾಕ್ ಕೇಳಿದ ನಾಯಿಗಳು ಹೆಚ್ಚು ನೆಮ್ಮದಿಯಿಂದಿದ್ದವು ಎಂದು 2017ರಲ್ಲಿ ಹೇಳಿದ್ದರು. ಬೆಳಿಗ್ಗೆ ಆರಕ್ಕೆ ಮಾವನ ಸುಪ್ರಭಾತ, ಆರೂವರೆಗೆ ಕಾಳಿಯ ಜಮೈಕಾ. ಮಾವ ಒಂದು ವಾರದಲ್ಲೇ ಅದಕ್ಕೆ ತಾಳ ಹಾಕತೊಡಗಿದರು.

ಅಷ್ಟರಲ್ಲಿ ನನ್ನ ಹೆಂಡತಿ ಎಲ್ಲಿಂದಲೋ ಇನ್ನೊಂದು ಸುದ್ದಿ ಓದಿದಳು. ಓದಬಾರದಿತ್ತು. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಬಾರ್ಡರ್ ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಎಂಬ ಎರಡು ತಳಿಗಳ 58 ನಾಯಿಗಳ ಕೂದಲು ಕತ್ತರಿಸಿ, ಅವುಗಳ ಯಜಮಾನಿಯರ ಕೂದಲನ್ನೂ ಕತ್ತರಿಸಿ, ಎರಡರಲ್ಲೂ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಳೆದರು. ತಿಂಗಳುಗಟ್ಟಲೆಯ ಒತ್ತಡ ಕೂದಲಲ್ಲಿ ದಾಖಲಾಗಿರುತ್ತದಂತೆ. ಯಜಮಾನಿಯದು ಏರಿದ್ದರೆ ನಾಯಿಯದೂ ಏರಿತ್ತು. ಸ್ಪರ್ಧೆಗೆ ಹೋಗುವ ನಾಯಿಗಳಲ್ಲಿ ಈ ಹೊಂದಾಣಿಕೆ ಇನ್ನೂ ಗಟ್ಟಿ. ಮೂರು ವರ್ಷದ ಮೇಲೆ ಬೆಲ್‌ಫಾಸ್ಟಿನವರು ಜನರಿಗೆ ಬಾಯಿಲೆಕ್ಕ ಮಾಡಿಸಿ ಬೆವರಿಸಿ, ಆ ಬೆವರು, ಉಸಿರನ್ನು ನಾಯಿಗೆ ಮೂಸಿಸಿದರು. ಲೆಕ್ಕಕ್ಕೆ ಮುಂಚಿನ ಬೆವರು ಯಾವುದು, ಲೆಕ್ಕದಲ್ಲಿ ಒದ್ದಾಡಿದ ಬೆವರು ಯಾವುದು ಎಂದು ನಾಯಿಗಳು ಸರಿಯಾಗಿ ಹೇಳಿದವು. ಲೆಕ್ಕದ ಮೇಷ್ಟ್ರಾದ ಮಾವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ; ನಲವತ್ತು ವರ್ಷ ಕ್ಲಾಸಿನಲ್ಲಿ ತಾವೂ ಹಾಗೇ ಗುರುತಿಸುತ್ತಿದ್ದರಂತೆ.

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. “ಸ್ಪರ್ಧೆಯ ಬೆಳಿಗ್ಗೆ ಇಡ್ಲಿ ಬಿಟ್ಟವರು ಯಾರು? ಮೂರು ಸಲ ಹೋಗಿ ಬಂದವರು ಯಾರು?”

ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವಿರಲಿಲ್ಲ, ಮನೆಯಲ್ಲಿರುವುದು ಒಂದೇ ಬಾತ್‌ರೂಮು. ಅಂದಿನಿಂದ ಚಾಪೆ ಎರಡಾಯಿತು. ಕಾಳಿ ಅವಳದರ ಮೇಲೆ, ನಾನು ನನ್ನದರ ಮೇಲೆ. ಅವಳು ಎರಡು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದಳು. ನನಗೆ ಯಾರೂ ಲಿವರ್ ಕೊಡಲಿಲ್ಲ.

ಫೆಬ್ರವರಿಯ ಕೊನೆಯ ಭಾನುವಾರ. ಕಾರಿನಲ್ಲಿ ಹಾರ್ನ್ ಒತ್ತಲಿಲ್ಲ. ತೋಟಕ್ಕೆ ಎರಡು ಗಂಟೆ ಮುಂಚೆ ಹೋಗಿ ಮೈಕಿನಿಂದ ದೂರ ಮರದಡಿ ಅವಳ ಗೂಡಿಟ್ಟು, ಮೇಲೊಂದು ಹಳೇ ಸೀರೆ ಹೊದಿಸಿದೆವು. ತಲೆ ಸವರಲು ಬಂದವರನ್ನು ಮಾವ ಬೈತಲೆ ತೆಗೆದ ಹಾಗೆ ಎರಡೂ ಕಡೆಗೆ ಸರಿಸಿದರು. ಆಮೇಲೆ ದಾರಿ ನೋಡಿಕೊಳ್ಳುವ ಶಾಸ್ತ್ರ. ನಾಯಿಗಳಿಲ್ಲದೆ ಯಜಮಾನರಷ್ಟೇ ಮೈದಾನಕ್ಕಿಳಿದು, ಇಲ್ಲದ ನಾಯಿಗೆ ಕೈ ತೋರಿಸುತ್ತ, ಇಲ್ಲದ ನಾಯಿಯನ್ನು ಹೊಗಳುತ್ತ ಓಡಾಡುತ್ತಾರೆ. ಹಾದಿಹೋಕರು ಯಾರಾದರೂ ನೋಡಿದರೆ ನಿಮ್ಹಾನ್ಸ್ ವ್ಯಾನ್ ಕರೆಸಬೇಕು.

ನಮ್ಮ ಸರದಿ. ಕಾಳಿ ಗೆರೆಯ ಮೇಲೆ ನಿಂತು ನನ್ನ ಮುಖ ನೋಡಿದಳು. ಆಕಳಿಸಲಿಲ್ಲ. ಮೂರು ಅಡ್ಡಗೋಲು, ಸುರಂಗ, 12 ಕೋಲಿನ ನುಸುಳಾಟ, ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಸೀ-ಸಾ ಹತ್ತಿದಳು. ನಡುವೆ ಒಂದು ಕ್ಷಣ ನಿಂತಳು. ಹಲಗೆ ವಾಲಿತು, ಢಬ್ ಎಂದಿತು. ಅವಳ ಕಿವಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂತು. ತುದಿ ಮುಟ್ಟಿ ಇಳಿದು, ಮುಂದೇನು ಎಂಬಂತೆ ನನ್ನ ಕಡೆ ತಿರುಗಿದಳು.

ಮುಂದೇನು? ನನಗೆ ಮರೆತುಹೋಗಿತ್ತು. ಸೀ-ಸಾ ಆದ ಮೇಲೆ ಯಾವುದು? ನಾಲಿಗೆ ಒಣಗಿತು, ಅಂಗೈ ಒದ್ದೆಯಾಯಿತು, ಸುಮ್ಮನೆ ಎಡಗೈ ಚಾಚಿದೆ. ಕಾಳಿ ಒಂದಿಷ್ಟೂ ಅನುಮಾನಿಸದೆ ಎಡಕ್ಕೆ ಹಾರಿ ಸುರಂಗಕ್ಕೆ ನುಗ್ಗಿದಳು. ಅಲ್ಲಿಗೆ ಹೋಗಬಾರದಿತ್ತು, ಬಲಗಡೆಯ ಏರು ಹತ್ತಬೇಕಿತ್ತು. ತಪ್ಪು ದಾರಿ, ಸ್ಪರ್ಧೆಯಿಂದ ಔಟ್. ಅವಳು ಮಾತ್ರ ಸುರಂಗದ ಆ ಕಡೆಯಿಂದ ಬಾಲ ಬಾವುಟ ಮಾಡಿಕೊಂಡು ಬಂದಳು. ಈ ಸಲ ಹಿಂದಿನಿಂದ ಬಂದ ಮಾತು, “ನಾಯಿ ಚೆನ್ನಾಗಿದೆ ಸಾರ್, ಯಜಮಾನಂದೇ ಸ್ವಲ್ಪ ತರಬೇತಿ ಸಾಲದು.”

ಮರದಡಿ ಬಂದು ಕಾಳಿ ಲಿವರ್ ತಿಂದು, ಹಳೇ ಸೀರೆಯ ಕೆಳಗೆ ಹೋಗಿ ಮಲಗಿದಳು. ಹೆಂಡತಿ ಡಬ್ಬಿ ತೆಗೆದು ಉಪ್ಪಿಟ್ಟು ಕೊಟ್ಟಳು. ನನಗೆ ಸೇರಲಿಲ್ಲ, ಮಾವ ತಿಂದರು.

ಎರಡು ವರ್ಷಕ್ಕೊಮ್ಮೆಯ ಲೆಕ್ಕ ತಪ್ಪದಿದ್ದರೆ 2027ರ ಫೆಬ್ರವರಿಗೆ ಮತ್ತೆ ಏರೋ ಇಂಡಿಯಾ. ಯಲಹಂಕ, ಹೆಬ್ಬಾಳದ ಕಡೆ ನಾಯಿ ಸಾಕಿರುವವರು ಜನವರಿ ಎರಡನೇ ವಾರದೊಳಗೆ ಲಿವರ್ ತಂದು, ಬೇಯಿಸಿ, ಸಣ್ಣ ತುಂಡು ಮಾಡಿ ಫ್ರೀಜರಿನಲ್ಲಿಟ್ಟುಕೊಳ್ಳಿ. ಮೊದಲು ವಿಮಾನ, ಆಮೇಲೆ ಲಿವರ್.